ದೊಡ್ಡಪ್ಪಯ್ಯನ ಬ್ಯಾರೋಮೀಟರ್

ನನ್ನ ದೊಡ್ಡಪ್ಪಯ್ಯನಿಗೆ ಮದುವೆಯಾಗಿಲ್ಲ ಎಂದು ಯಾರು ಹೇಳಿದ್ದು? ಮುಂಬೈಯ ಹಡಗಿನ ಕೆಲಸ ಬಿಟ್ಟು ಗಂಗೊಳ್ಳಿಗೆ ಮರಳುವಾಗ, ಗಾಳಿಯ ಒತ್ತಡ ಅಳೆಯುವ ಹಳೇ ಬ್ಯಾರೋಮೀಟರನ್ನು ಹೆಗಲ ಮೇಲಿನ ಬೈರಾಸಿನಲ್ಲಿ ಸುತ್ತಿ ಕರೆತಂದರಲ್ಲ! ಬಾರ್ಕೂರಿನ ಬಸ್ಸಿನಲ್ಲೂ ಅದಕ್ಕೆ ಕಿಟಕಿ ಪಕ್ಕದ ಸೀಟೇ ಆಗಬೇಕು. ತಾವು ನಿಂತೇ ಹೋಗುತ್ತಿದ್ದರು.

ಅದರ ಮುಳ್ಳು ಸರಕ್ಕನೆ ಹಾರಿದರೆ ಸಾಕು, ದೋಣಿ ನಿಲ್ಲುವ ದಕ್ಕೆಗೆ ಓಡಿ, ಕಟ್ಟಿದ ಹಗ್ಗ ಸಡಿಲ ಬಿಡಿ ಎಂದು ಕೂಗುತ್ತಿದ್ದರು. ನೆಲ ನಡುಗದೆಯೂ ಸುನಾಮಿಯಂಥ ಅಲೆ ಬರುತ್ತದಂತೆ, ಗಾಳಿಯೇ ತರುತ್ತದಂತೆ! ಹತ್ತು ಸಲ ಕೂಗಿದರು. ಹತ್ತು ಸಲವೂ ಸಮುದ್ರ ತೆಪ್ಪಗಿತ್ತು.

"ನಿನ್ ಮಂಡಿ ಸಮಾ ಇತ್ತಾ ಅಣ್ಣಾ?" ಎಂದು ತಲೆ ತಟ್ಟಿ ತೋರಿಸಿ ಎಲ್ಲರಿಗಿಂತ ಜೋರಾಗಿ ನಕ್ಕವರು ಅವರ ತಮ್ಮ, ಅಂದರೆ ನನ್ನ ಅಪ್ಪಯ್ಯ. ನಮ್ಮ ಅನ್ನವೆಲ್ಲ ಇದ್ದದ್ದು ಅಪ್ಪಯ್ಯನ ಒಂದೇ ದೋಣಿಯಲ್ಲಿ. ಅದರ ಹಗ್ಗ ಮುಟ್ಟಲು ಅವರು ಯಾರಿಗೂ ಬಿಡುತ್ತಿರಲಿಲ್ಲ.

ನನ್ನನ್ನು ನೋಡಲು ಬ್ರಹ್ಮಾವರದಿಂದ ಗಂಡಿನ ಕಡೆಯವರು ಬಂದ ದಿನ ದೊಡ್ಡಪ್ಪಯ್ಯನನ್ನು ಒಳಗೇ ಕೂರಿಸಬೇಕಿತ್ತು, ಮರೆತೆವು! ಅವರು ಹುಡುಗನ ತಂದೆಯ ಚಹಾದ ಬಸಿಯನ್ನೇ ಎಳೆದುಕೊಂಡರು.

"ಹ್ವಾಯ್, ಇಲ್ಲ್ ಕಾಣಿ. ಈ ಬಸಿಯೇ ನಮ್ ಬಂದರು. ಅಲೆ ಓಡು ಸ್ಪೀಡಂಗೇ ಗಾಳಿಯೂ ಒತ್ತಕಂಡ್ ಓಡಿರೆ ಅಲೆ ಬೆಳಿತ್ತ್. ಬಂದರಿನೊಳ್ಗ್ ಹೊಕ್ರೆ ಮತ್ತೆಲ್ಲಿಗ್ ಹೋಪ್ದ್?"

ಉಫ್ ಎಂದು ಊದಿಯೇಬಿಟ್ಟರು! ಚಹಾ ಹೋದದ್ದು ಎಲ್ಲಿಗೆ ಎಂದರೆ, ಬೀಗರಾಗಬೇಕಾದವರ ಬಿಳಿ ಪಂಚೆಗೆ!

"ಮರ್ಯಾದಿ ತೆಗ್ದೆ ಮಾರಾಯಾ!" ಎಂದು ಅಪ್ಪಯ್ಯ ಹಣೆ ಚಚ್ಚಿಕೊಳ್ಳುವಾಗಲೇ ದೊಡ್ಡಪ್ಪಯ್ಯ ಬ್ಯಾರೋಮೀಟರ್ ನೋಡಿದರು. ಅದನ್ನು ಕಂಕುಳಲ್ಲಿ ಇರುಕಿಕೊಂಡು ಬರಿಗಾಲಲ್ಲಿ ಓಡಿದರು. ಬೈಯಲೆಂದು ಅಪ್ಪಯ್ಯ ಹಿಂದೆ, ತಮಾಷೆ ನೋಡಲೆಂದು ನಾವೆಲ್ಲ ಅವರ ಹಿಂದೆ.

ಮಳೆಯಿಲ್ಲ, ಬಿರುಗಾಳಿಯಿಲ್ಲ. ದೂರದಲ್ಲಿ ಕರಿಮೋಡದ ಒಂದು ಸಾಲು, ಅಷ್ಟೆ. ನೋಡುತ್ತಿದ್ದಂತೆ ಬಂದರಿನ ನೀರು ಯಾರೋ ಹೀರಿದಂತೆ ಇಳಿಯಿತು, ಮತ್ತೆ ದಬದಬನೆ ಏರಿ ಬಂತು! ಗಿಡ್ಡ ಹಗ್ಗದ ದೋಣಿಗಳು ಜಗ್ಗಾಡಿ, ಗುದ್ದಾಡಿ, ಎರಡು ಮುಳುಗಿಯೇ ಹೋದವು. ನಮ್ಮದು ಮಾತ್ರ ಉದ್ದ ಹಗ್ಗದಲ್ಲಿ ಆರಾಮಾಗಿ ಏರಿ ಇಳಿಯುತ್ತಿತ್ತು. ಎಲ್ಲರಿಗಿಂತ ಮುಂದೆ ಓಡಿ ಅದರ ಗಂಟು ಸಡಿಲಿಸಿದವರು ಎದೆಮಟ್ಟದ ನೀರಿನಲ್ಲಿ ನಿಂತಿದ್ದರು. ಬ್ಯಾರೋಮೀಟರ್ ಕೈತಪ್ಪಿ ಕೆಸರಿಗೆ ಬಿದ್ದಿತ್ತು.

"ದೋಣಿ ಉಳೀತ್ ಕಾಣ್," ಎಂದರು ದೊಡ್ಡಪ್ಪಯ್ಯ. ಅಪ್ಪಯ್ಯ ನೀರಿಗಿಳಿದು ಅವರ ಕೈ ಹಿಡಿದುಕೊಂಡರು.

ನಾನು ಆ ಪಂಚೆಯವರ ಮನೆಗೇ ಸೊಸೆಯಾದೆ ಬಿಡಿ! ಈಗ ದೊಡ್ಡಪ್ಪಯ್ಯನಿಗೆ ಕಣ್ಣು ಮಂಜು. ಬ್ಯಾರೋಮೀಟರ್ ಅಂದೇ ಕೆಟ್ಟು ನಿಂತಿದೆ ಎಂದು ಅವರಿಗೆ ಯಾರೂ ಹೇಳಿಲ್ಲ. ದಿನಾ ಬೆಳಿಗ್ಗೆ ಕೇಳುತ್ತಾರೆ, "ಮುಳ್ಳ್ ಎಲ್ಲಿತ್ತಾ?"

ಅಪ್ಪಯ್ಯ ಗಾಜು ಒರೆಸಿ, ಬಗ್ಗಿ ನೋಡಿ ಹೇಳುತ್ತಾರೆ, "ಸ್ವಲ್ಪ ಇಳ್ದಿತ್ತ್ ಅಣ್ಣಾ. ಹಗ್ಗ ಸಡ್ಲ ಮಾಡಿ ಬತ್ತೆ."

ಹೇಳಿ ಸುಮ್ಮನಿರುವುದಿಲ್ಲ. ನಿಜಕ್ಕೂ ಹೋಗಿ ಮಾಡಿ ಬರುತ್ತಾರೆ.