ಹಾಳೆಯ ಅಂಚು ದಾಟಿದ ಗೆರೆ

ಎಲ್ಲ ರಾದ್ಧಾಂತಕ್ಕೂ ಕಾರಣ, ಡ್ರಾಯಿಂಗ್ ಮೇಷ್ಟ್ರು ಬೆಳಿಗ್ಗೆ ಮೂರನೇ ಕ್ಲಾಸಿನಲ್ಲಿ ಆಡಿದ ಒಂದೇ ಒಂದು ಮಾತು: "ಗೆರೆ ಹಾಳೆಯ ಅಂಚಿಗೆ ಹೆದರಬಾರದು ಮಕ್ಕಳೇ."

ಹುರುಪಿನಲ್ಲಿ ಹೇಳಿಬಿಟ್ಟಿದ್ದರು ಪಾಪ. ಮೂರು ವರ್ಷದಿಂದ ಆ ಶಾಲೆಯಲ್ಲಿ ಅವರು ಹಂಗಾಮಿ. ಅವತ್ತು ಮಧ್ಯಾಹ್ನ ಮೇಲಿನ ಕಚೇರಿಯಿಂದ ಒಬ್ಬರು ಅಧಿಕಾರಿ ಬಂದು, ಮಕ್ಕಳ ಚಿತ್ರ ನೋಡಿ, ಮೇಷ್ಟ್ರನ್ನು ಕಾಯಂ ಮಾಡಬೇಕೋ ಬೇಡವೋ ತೀರ್ಮಾನಿಸುವವರಿದ್ದರು. ಮನೆಯಿಂದ ಹೊರಡುವಾಗಲೇ ಹೆಂಡತಿ, "ಈ ಸಲವಾದ್ರೂ ಕಾಯಂ ಆಗಿ ಬನ್ನಿ. ಫೋನ್ ಮಾಡಿದಾಗೆಲ್ಲ ನಮ್ಮಪ್ಪ, 'ಅಳಿಯಂದಿರು ಇನ್ನೂ ಹಂಗಾಮೀನೇನಮ್ಮಾ?' ಅಂತಾರೆ. ಉತ್ತರ ಹೇಳಿ ಹೇಳಿ ನನಗೆ ಸಾಕಾಯ್ತು" ಎಂದಿದ್ದಳು. ಮಾವನವರು ಕೇಳುವ ಧಾಟಿಗೆ, ಹಂಗಾಮಿ ಆಗಿರುವುದು ಕೆಲಸವೋ ಅಳಿಯನೋ ಎಂದು ಮೇಷ್ಟ್ರಿಗೇ ಅನುಮಾನ ಬರುತ್ತಿತ್ತು.

ಅಧಿಕಾರಿಗೆ ಏನಾದರೂ ಜೀವ ಇರುವಂಥದ್ದನ್ನು ತೋರಿಸಬೇಕೆಂದು ಮೇಷ್ಟ್ರು ಪಣ ತೊಟ್ಟರು. ಸ್ಕೇಲು, ರಬ್ಬರುಗಳನ್ನೆಲ್ಲ ಚೀಲಕ್ಕೆ ಹಾಕಿಸಿ, ಒಬ್ಬೊಬ್ಬರ ಕೈಗೂ ಒಂದೊಂದು ಇದ್ದಿಲ ಕಡ್ಡಿ ಕೊಟ್ಟರು.

"ಮೊದಲು ನಿದ್ದೆಗಣ್ಣಿನ ಗೆರೆ ಎಳೀರಿ ನೋಡೋಣ."

ಮೂವತ್ತೆರಡು ಗೆರೆಗಳು ತೂಕಡಿಸಿದವು.

"ಈಗ ಸ್ಕೂಲ್ ಬಿಟ್ಟ ಕೂಡಲೇ ಮನೆಗೆ ಓಡೋ ಗೆರೆ!"

ಗೆರೆಗಳು ಕಿತ್ತುಕೊಂಡು ಓಡಿದವು. ಯಾವತ್ತೂ ಬಾಯಿ ಬಿಡದ ಎರಡು ಜಡೆಯ ಹುಡುಗಿಯೊಬ್ಬಳು ಮಾತ್ರ ಗಡಗಡ ನಡುಗುವ ಗೆರೆಯೊಂದನ್ನು ಎಳೆದಿದ್ದಳು.

"ಇದ್ಯಾವ ಗೆರೆ ಪುಟ್ಟಿ?"

"ಗಣಿತದ ಟೆಸ್ಟಿನ ಗೆರೆ, ಸರ್."

ಮೇಷ್ಟ್ರ ಕಣ್ಣು ಒದ್ದೆಯಾಯಿತು. ಮೂರು ವರ್ಷ ಹಂಗಾಮಿಯಾಗಿ ದುಡಿದಿದ್ದು ಸಾರ್ಥಕವಾಯಿತು ಎನ್ನಿಸಿತು. ಅಷ್ಟರಲ್ಲಿ ಹಿಂದಿನ ಬೆಂಚಿನಿಂದ ಒಂದು ಧ್ವನಿ, "ಸರ್, ಹಾಳೆ ಮುಗಿದುಹೋದ್ರೆ ಓಡೋ ಗೆರೆ ಎಲ್ಲಿಗೆ ಹೋಗ್ಬೇಕು?" ಎಂದು ಕೇಳಿತು. ಆಗಲೇ ಅವರು ಆ ಮಾತು ಆಡಿದ್ದು. ಆಡಿ ಮುಗಿಸುವಷ್ಟರಲ್ಲಿ ಹೆಡ್ ಮೇಡಂ ಕರೆಯುತ್ತಿದ್ದಾರೆಂದು ಆಯಮ್ಮ ಬಂದಳು. ಮೇಷ್ಟ್ರು ಹತ್ತೇ ಹತ್ತು ನಿಮಿಷ ಹೋಗಿ ಬಂದರು.

ಬಂದು ನೋಡಿದರೆ ಕ್ಲಾಸು ಖಾಲಿ.

ಗೆರೆಗಳು ಹಾಳೆಯಿಂದ ಬೆಂಚಿಗೆ ಇಳಿದಿದ್ದವು, ಬೆಂಚಿನಿಂದ ನೆಲಕ್ಕೆ, ನೆಲದಿಂದ ಹೊಸಿಲು ದಾಟಿ ಹೊರಗಿನ ಗೋಡೆಗೆ. ಅಧಿಕಾರಿ ಬರುತ್ತಾರೆಂದು ಹಿಂದಿನ ದಿನವಷ್ಟೇ ಬೆಣ್ಣೆಯಂಥ ಬಣ್ಣ ಬಳಿಸಿದ್ದ ಗೋಡೆ ಅದು. ಅದರ ಉದ್ದಕ್ಕೂ ಮೂವತ್ತೆರಡು ಮಕ್ಕಳು ಕಡ್ಡಿ ಊರಿಕೊಂಡು ಓಡುತ್ತಿದ್ದವು.

"ಸರ್, ಅಂಚು ಇನ್ನೂ ಸಿಕ್ಕಿಲ್ಲಾ!" ಎಂದು ಮೆಟ್ಟಿಲ ಮೇಲಿನಿಂದ ಒಬ್ಬ ಕೂಗಿದ.

ಸದ್ದು ಕೇಳಿ ಪಕ್ಕದ ಕ್ಲಾಸಿನಿಂದ ಗಣಿತದ ಮೇಷ್ಟ್ರು ಹೊರಬಂದರು. ಊಟದ ಡಬ್ಬಿಯನ್ನೂ ಮೇಜಿನ ಅಂಚಿಗೆ ಸಮಾನಾಂತರವಾಗಿ ಇಡುವ ಮನುಷ್ಯ.

"ಏನ್ರೀ ಇದು ಅನ್ಯಾಯ! ಇಷ್ಟರಲ್ಲಿ ಒಂದಾದ್ರೂ ನೆಟ್ಟಗಿದೆಯೇನ್ರೀ?"

"ನೆಟ್ಟಗಿರಬಾರದು ಅಂತಲೇ ಹೇಳಿಕೊಟ್ಟಿದ್ದು."

"ಮುಗೀತು ಬಿಡಿ ನಿಮ್ಮ ಕತೆ. ಒದ್ದೆ ಬಟ್ಟೇಲಿ ಒರೆಸಿ, ಬೇಗ!"

ಮೇಷ್ಟ್ರು ಒರೆಸಿದರು. ಇದ್ದಿಲು ಹೋಗಲಿಲ್ಲ, ಹರಡಿತು. ಆಯಮ್ಮ, "ಬರೀ ನೀರಲ್ಲಿ ಎಲ್ಲಿ ಹೋಗುತ್ತೆ ಸಾಮಿ, ಸೋಪು ಹಾಕಿ" ಎಂದು ಬಕೆಟ್ ತಂದಳು. ಸೋಪಿನ ನೊರೆ ಗೋಡೆಯಿಂದ ಇಳಿದು ನೆಲಕ್ಕೆ ಬಂತು. ಮೇಷ್ಟ್ರು ಜಾರಿ, ಎರಡೂ ಅಂಗೈಯನ್ನು ಗೋಡೆಗೆ ಒತ್ತಿ, ಹಲ್ಲಿಯ ಹಾಗೆ ಅಂಟಿಕೊಂಡು ನಿಂತರು. ಈಗ ಬಾಗಿಲ ಪಕ್ಕದ ಅಷ್ಟು ಗೋಡೆ, ಕೆಸರಲ್ಲಿ ಹೊರಳಿ ಎದ್ದ ಎಮ್ಮೆಯ ಬೆನ್ನಿನಂತೆ ಕಾಣುತ್ತಿತ್ತು.

ಹೆಡ್ ಮೇಡಂ ಬಂದು ಎದೆ ಹಿಡಿದುಕೊಳ್ಳುವುದಕ್ಕೂ ಗೇಟಿನಲ್ಲಿ ಕಾರು ನಿಲ್ಲುವುದಕ್ಕೂ ಸರಿಹೋಯಿತು. ಅಧಿಕಾರಿ ಎರಡು ಗಂಟೆ ಮುಂಚೆಯೇ ಬಂದುಬಿಟ್ಟಿದ್ದರು.

"ಕೇಳಿ ಇಲ್ಲಿ," ಹೆಡ್ ಮೇಡಂ ಪಿಸುಗುಟ್ಟಿದರು. "ನಿಮ್ಮ ಹೆಸರು ಬರಕೂಡದು. ನಿಮ್ಮ ಹೆಸರು ಬಂದ್ರೆ ಹಿಂದೆಯೇ ನನ್ನ ಹೆಸರೂ ಬರುತ್ತೆ. ಮಕ್ಕಳು ತಾವಾಗೇ ಗೀಚಿದವು. ಅಷ್ಟೇ."

ಮೇಷ್ಟ್ರು ಮಕ್ಕಳನ್ನು ಗುಡ್ಡೆ ಹಾಕಿಕೊಂಡು ಕೈಮುಗಿದರು. "ಯಾರೇ ಕೇಳಿದ್ರೂ, ಸರ್ ನಮಗೇನೂ ಹೇಳಿಕೊಟ್ಟಿಲ್ಲ ಅನ್ನಿ. ನನ್ನ ಮಾನ ನಿಮ್ಮ ಕೈಲಿದೆ."

ಮಕ್ಕಳು ಗಂಭೀರವಾಗಿ ತಲೆಯಾಡಿಸಿದವು.

ಅಧಿಕಾರಿ ವಯಸ್ಸಾದ ಹೆಂಗಸು, ದಪ್ಪ ಕನ್ನಡಕ. ಗೋಡೆಯುದ್ದಕ್ಕೂ ನಡೆದರು, ಮೆಟ್ಟಿಲು ಹತ್ತಿ ಇಳಿದರು. ನಡುಗುವ ಗೆರೆಯೊಂದರ ಮುಂದೆ ನಿಂತು, "ಇದೇನು?" ಎಂದರು.

"ಗಣಿತದ ಟೆಸ್ಟು," ಎಂದಳು ಎರಡು ಜಡೆಯವಳು.

ಅಧಿಕಾರಿಯ ಮುಖ ಅರಳಿತು. "ಯಾರಮ್ಮ ಇದನ್ನೆಲ್ಲ ಹೇಳಿಕೊಟ್ಟಿದ್ದು?"

ಮೂವತ್ತೆರಡು ಗಂಟಲು ಒಟ್ಟಿಗೆ ಕೂಗಿದವು: "ಸರ್ ನಮಗೇನೂ ಹೇಳಿಕೊಟ್ಟಿಲ್ಲಾ!"

"ಏನೂ ಅಂದ್ರೆ ಏನೂ?"

"ಯಾವತ್ತೂ ಏನೂ ಹೇಳಿಕೊಟ್ಟಿಲ್ಲ ಮೇಡಂ!" ಎಂದ ಒಬ್ಬ ಉತ್ಸಾಹಿ. ಎರಡು ಜಡೆಯವಳು ಇನ್ನಷ್ಟು ಭದ್ರ ಮಾಡಿದಳು. "ಸರ್ ಕ್ಲಾಸಲ್ಲೇ ಇರಲಿಲ್ಲ."

"ಹೌದೇನ್ರೀ?" ಎಂದು ಅಧಿಕಾರಿ ತಿರುಗಿದರು.

ಮೇಷ್ಟ್ರು ಕಪ್ಪು ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡು, "ಹೌದು ಮೇಡಂ. ನನಗೂ ಇದಕ್ಕೂ ಸಂಬಂಧವೇ ಇಲ್ಲ. ನಾನು ಸ್ಕೇಲಿಟ್ಟೇ ಬರೆಸೋನು" ಎಂದರು.

ಅಧಿಕಾರಿ ನಿಟ್ಟುಸಿರುಬಿಟ್ಟರು. "ಛೇ! ಎಷ್ಟೋ ಶಾಲೆ ಸುತ್ತಿದ್ದೀನಿ. ಎಲ್ಲ ಕಡೆ ಅದೇ ಮನೆ, ಅದೇ ಮರ, ಮೂಲೇಲಿ ಅದೇ ಸೂರ್ಯ. ಗೆರೆ ಉಸಿರಾಡೋದನ್ನ ಇಲ್ಲೇ ನೋಡಿದ್ದು. ಇದನ್ನ ನೀವು ಹೇಳಿಕೊಟ್ಟಿದ್ರೆ ನಿಂತ ಕಾಲಲ್ಲೇ ಕಾಯಂ ಆದೇಶಕ್ಕೆ ಸಹಿ ಹಾಕ್ತಿದ್ದೆ."

ಮೇಷ್ಟ್ರ ಬಾಯಿ ತೆರೆಯಿತು. "ಮೇಡಂ, ಅದು ಏನಂದ್ರೆ..."

ಅಷ್ಟರಲ್ಲಿ ಗಣಿತದ ಮೇಷ್ಟ್ರು ಒಂದು ಹೆಜ್ಜೆ ಮುಂದೆ ಬಂದು, ನಾಚಿಕೊಂಡು, "ಆ ಟೆಸ್ಟು ನಂದೇ ಮೇಡಂ" ಎಂದರು.

"ಓಹೋ, ಹಾಗಾದ್ರೆ ಸ್ಫೂರ್ತಿ ನಿಮ್ಮಿಂದ! ಇನ್ಮೇಲೆ ಈ ಮಕ್ಕಳ ಚಿತ್ರಕಲೆ ನಿಮ್ಮದೇ." ಅಧಿಕಾರಿ ಪೆನ್ನು ತೆಗೆದರು. "ಇವರಿಗೆ ಸ್ಕೇಲು ಅಂದ್ರೆ ಪ್ರೀತಿಯಲ್ವಾ? ಇವರು ಗಣಿತ ತಗೊಳ್ಳಲಿ. ಸದ್ಯಕ್ಕೆ ಹಂಗಾಮಿಯಾಗಿ."

ಸಂಜೆ ಸ್ಟಾಫ್ ರೂಮಿನಲ್ಲಿ ಡ್ರಾಯಿಂಗ್ ಮೇಷ್ಟ್ರು ಮೂರನೇ ಕ್ಲಾಸಿನ ಗಣಿತದ ಪುಸ್ತಕ ತೆರೆದು ಕೂತಿದ್ದರು. ಗಣಿತದ ಮೇಷ್ಟ್ರು ಎರಡು ಲೋಟ ಚಹಾ ಹಿಡಿದು ಬಂದು, ಕುರ್ಚಿ ಎಳೆದುಕೊಂಡು, ಹೊಸ ನೋಟ್‌ಬುಕ್ ಬಿಚ್ಚಿದರು.

"ಮೇಷ್ಟ್ರೇ, ತಪ್ಪು ತಿಳ್ಕೋಬೇಡಿ. ಈ ಗೆರೆಗೆ ಜೀವ ತುಂಬೋದು ಹೇಗೆ ಅಂತ ಸ್ವಲ್ಪ ತೋರಿಸಿಕೊಡ್ತೀರಾ? ನಾಳೆ ಎರಡನೇ ಪೀರಿಯಡ್ಡಿಗೇ ಪಾಠ ಮಾಡಬೇಕು."

ಡ್ರಾಯಿಂಗ್ ಮೇಷ್ಟ್ರು ಗಣಿತದ ಪುಸ್ತಕ ಪಟ್ಟನೆ ಮುಚ್ಚಿದರು. ಇದ್ದಿಲ ಕಡ್ಡಿ ಎತ್ತಿಕೊಂಡು ಹಾಳೆಗೆ ಊರಿ ಎಳೆದರು. ಕಡ್ಡಿ ಎರಡು ತುಂಡಾಯಿತು. ಉಳಿದ ತುಂಡಿನಲ್ಲೇ ಮತ್ತೊಂದು ಎಳೆದರು. ಹಾಳೆ ಹರಿಯಿತು, ಲೋಟ ಉರುಳಿತು.

"ಅಬ್ಬಬ್ಬಾ, ಎಂಥಾ ಭಾವ!" ಗಣಿತದ ಮೇಷ್ಟ್ರು ಗಡಿಬಿಡಿಯಿಂದ ಪೆನ್ನಿನ ಮುಚ್ಚಳ ತೆಗೆದರು. "ಸ್ವಲ್ಪ ನಿಧಾನ ಮಾಡಿ ಮೇಷ್ಟ್ರೇ, ಬರ್ಕೊಳ್ತೀನಿ. ಮೊದಲು ಹಲ್ಲು ಕಚ್ಚಬೇಕು, ಅಲ್ವಾ?"