ಪಾಚಿ ಮೇಯುವ ಮೀನೂ ನಮ್ಮತ್ತೆಯೂ

ಮೀನಿನ ಹೊಟ್ಟೆಗೆ ಕೈಹಾಕಿ ಬದುಕುವವಳು ನಗೆಪಾಟಲಾಗಲು ಬೇರೆ ಕಾರಣವೇ ಬೇಡ. ಕುಂದಾಪುರದಲ್ಲಿ ಪ್ರಾಣಿಶಾಸ್ತ್ರ ಪಾಠ ಮಾಡುತ್ತ, ಎರಡು ಸಾವಿರದ ಇಸವಿಯ ಆಸುಪಾಸಿನಲ್ಲಿ ನಾನು ಪಿಎಚ್‌ಡಿಗೆ ಹಿಡಿದದ್ದು ಒಂದೇ ಪ್ರಶ್ನೆ: ಸಮುದ್ರದ ಬಂಡೆಯ ಪಾಚಿ ಮೇಯುವ ಮೀನಿಗೆ ಆ ಪಾಚಿ ನಿಜಕ್ಕೂ ಮೈಗೆ ಹತ್ತುತ್ತದೆಯೇ, ಅಥವಾ ಹೋದ ಹಾಗೇ ಹೊರಗೆ ಬರುತ್ತದೆಯೇ?

ಉಪಕಾರ

ಸೊಪ್ಪು ತಿನ್ನುವ ಮೀನಿಗೆ ಕರುಳು ಬಲು ಉದ್ದ. ಅದನ್ನು ಬಿಚ್ಚಿ ಅಳೆಯಬೇಕೆಂದು ಮಾರ್ಕೆಟ್ಟಿನಲ್ಲಿ ಅಂಥ ನಾಲ್ಕು ಮೀನು ಕೇಳಿದೆ. ಚೀಲ ತರಲು ಆಚೆ ಹೋಗಿ ಬರುವಷ್ಟರಲ್ಲಿ ಮೀನಿನಾಕೆ ಪ್ರೀತಿಯಿಂದ ಎಲ್ಲ ಕೊಯ್ದು, ಕರುಳು ಬೆಕ್ಕಿಗೆ ಹಾಕಿ, ಮಾಂಸ ತೊಳೆದು ಕಟ್ಟಿಟ್ಟಿದ್ದಳು. ಮರುದಿನ ನಾನು, ಕರುಳು ನನಗೆ ಕೊಡಿ, ಮೀನು ನೀವೇ ಇಟ್ಟುಕೊಳ್ಳಿ ಎಂದೆ. ಅವಳು ನನ್ನನ್ನೇ ದಿಟ್ಟಿಸಿ, ದನಿ ತಗ್ಗಿಸಿ ಕೇಳಿದಳು:

"ಟೀಚರ್ರೇ, ಮನಿಯಗೆ ಎಲ್ಲ ಅರಾಮಾ?"

ಅತಿಥಿಗಳು

ಮುಂದಿನದು ಜೀವಂತ ಮೀನಿನ ಪರೀಕ್ಷೆ. ಮನೆಯ ಜಗಲಿಯಲ್ಲಿ ತೊಟ್ಟಿ ಇಟ್ಟು ಆರು ಮೀನು ಬಿಟ್ಟೆ. ಬರೀ ಪಾಚಿ, ಬೇರೇನೂ ಹಾಕಕೂಡದು ಎಂದು ಮನೆಯವರಿಗೆಲ್ಲ ಹೇಳಿದ್ದೆ. ಹದಿನೈದೇ ದಿನದಲ್ಲಿ ಮೀನುಗಳು ಗುಂಡಗಾದವು. ನಾನು ಕುಣಿದಾಡುತ್ತಿರುವಾಗಲೇ ನೀರಿನಲ್ಲಿ ಒಣಸಿಗಡಿಯ ತಲೆಯೊಂದು ತೇಲಿತು. ಅತ್ತೆಯನ್ನು ಕೇಳಿದರೆ ಅವರಿಗೆ ಒಂಚೂರೂ ಅಳುಕಿಲ್ಲ.

"ಬರೀ ಸೊಪ್ಪ್ ತಿಂದ್ಕಂಡ್ ಎಷ್ಟ್ ದಿನ ಇಪ್ಪುಕಾತ್ತ್? ನಮ್ಮನಿಗ್ ಬಂದದ್ದಲ್ದಾ ಅವು?"

ಎಲ್ಲ ಮೊದಲಿಂದ ಶುರು. ಈ ಸಲ ತೊಟ್ಟಿಯ ಉಸ್ತುವಾರಿಯನ್ನೇ ಅತ್ತೆಗೆ ವಹಿಸಿದೆ. ಅವರು ಮಗಳ ಬಾಣಂತನ ಮಾಡಿದ ಹಾಗೆ ಪಥ್ಯ ನಡೆಸಿದರು; ಸಿಗಡಿಯ ವಾಸನೆಯೂ ತೊಟ್ಟಿಯ ಹತ್ತಿರ ಸುಳಿಯಲಿಲ್ಲ. ಆದರೂ ಮೀನಿನ ತೂಕ ಏರಿತು. ಹಿಕ್ಕೆಯನ್ನು ಸೂಕ್ಷ್ಮದರ್ಶಕದಲ್ಲಿ ಇಟ್ಟರೆ ಪಾಚಿಯ ಸಾರವೆಲ್ಲ ಖಾಲಿ, ಉಳಿದದ್ದು ಬರೀ ಸಿಪ್ಪೆ. ಗೆದ್ದೆ ಅಂದುಕೊಂಡೆ.

ಸಹಿ

ಕೊಲ್ಲೂರಿಗೆ ಬಂದಿದ್ದ ನನ್ನ ಗೈಡ್ ಸಾಹೇಬರು ತೊಟ್ಟಿ ನೋಡಲು ಮನೆಗೇ ಬಂದರು. ಎಲ್ಲ ನೋಡಿ ತಲೆಯಾಡಿಸಿದರು. ಪಾಚಿಗೆ ಅಂಟಿಕೊಂಡ, ಕಣ್ಣಿಗೆ ಕಂಡೂ ಕಾಣದಂಥ ಪುಟ್ಟ ಹುಳುಗಳನ್ನು ತಿಂದೇ ಇವು ದಪ್ಪಗಾಗಿರಬಹುದಲ್ಲ, ಇದಕ್ಕೆ ಉತ್ತರವಿಲ್ಲದೆ ಪ್ರಬಂಧಕ್ಕೆ ಸಹಿ ಹಾಕಲಾರೆ ಎಂದರು. ನನಗೆ ಅದು ಹೊಳೆದೇ ಇರಲಿಲ್ಲ. ಮೂರು ವರ್ಷದ ದುಡಿಮೆ ನೀರುಪಾಲಾಯಿತು ಅಂದುಕೊಂಡೆ.

ಚಾ ತಂದ ಅತ್ತೆಗೆ ಮಾತ್ರ ಸಿಟ್ಟು ನೆತ್ತಿಗೇರಿತ್ತು. "ಹುಳ ಇಪ್ಪ್ ಸೊಪ್ಪ್ ನಮ್ಮನಿಯಗೆ ಯಾರಿಗೂ ಹಾಕುದಿಲ್ಲ. ದಿನಾ ಬಾವಿ ನೀರಗೆ ಏಳ್ ಸಲ ಅದ್ದಿ ತೊಳ್ದೇ ಹಾಕಿದ್ದ್."

ಅಷ್ಟಕ್ಕೇ ಬಿಡದೆ ಸಾಹೇಬರ ಕಣ್ಣೆದುರೇ ಒಂದು ಹಿಡಿ ಪಾಚಿ ತೊಳೆದು ತೋರಿಸಿದರು. ಉಪ್ಪುನೀರಿನ ಹುಳುಗಳು ಸಿಹಿನೀರು ತಾಗಿದ್ದೇ ಪಾಚಿ ಬಿಟ್ಟು ಬೋಗುಣಿಯ ತಳ ಸೇರಿದವು. ಗೈಡ್ ಭೂತಗನ್ನಡಿ ಹಿಡಿದು ತೊಳೆದ ಪಾಚಿಯನ್ನು ಎಳೆ ಎಳೆಯಾಗಿ ಹುಡುಕಿದರೂ ಒಂದು ಹುಳ ಸಿಗಲಿಲ್ಲ. ಸಾಹೇಬರು ಪೆನ್ನು ತೆಗೆದರು. ನಾನು ನಾಚಿಕೆ ಬಿಟ್ಟು ಅತ್ತೆಯನ್ನು ಅಪ್ಪಿಕೊಂಡೆ.

ಸಹಿ ಹಾಕಿದ ಮೇಲೆ ಅವರು, ಈ ವಿಧಾನ ಬಹಳ ಸರಿಯಾಗಿದೆ, ಯಾವ ಗ್ರಂಥದಿಂದ ತೆಗೆದುಕೊಂಡದ್ದೆಂದು ಬರೆಯಲೇಬೇಕು ಎಂದರು. ಅತ್ತೆ ಚಾ ಲೋಟ ಎತ್ತಿಕೊಳ್ಳುತ್ತ ಹೇಳಿದರು:

"ಬರ್ಕಣಿ. ಹರಿವೆ ಸೊಪ್ಪ್ ತೊಳುಕೆ ನಮ್ಮತ್ತೆ ಹೇಳಿ ಕೊಟ್ಟದ್ದ್."

ವಿಶ್ವವಿದ್ಯಾಲಯದ ಲೈಬ್ರರಿಯಲ್ಲಿರುವ ನನ್ನ ಪ್ರಬಂಧದಲ್ಲಿ ಆ ಅಡಿಟಿಪ್ಪಣಿ ಇವತ್ತಿಗೂ ಇದೆ: "ಆಧಾರ: ಅತ್ತೆಯವರ ಅತ್ತೆ."