ಅತ್ತಿಗೆಯ ಮಿಕ್ಸರಿನಲ್ಲಿ ‘ಇವ್ರು’

ನಮ್ಮ ಅತ್ತಿಗೆ ಮನುಷ್ಯರನ್ನು ನೋಡುವುದಿಲ್ಲ, ಕೇಳುತ್ತಾರೆ. ಇದನ್ನು ಹೊಗಳಿಕೆ ಅಂತ ತಿಳಿಯಬೇಡಿ, ದೂರು! ನನಗೆ ಹೆಣ್ಣು ನೋಡಿ ಬಂದ ದಿನ ಮನೆಯವರೆಲ್ಲ ಹುಡುಗಿಯ ಬಣ್ಣ, ಎತ್ತರ, ಓದು ಅಂತ ಮಾತಾಡುತ್ತಿದ್ದರೆ ಇವರು, ಹುಡುಗಿ ‘ಸ’ ಅನ್ನುವಾಗ ಸ್ವಲ್ಪ ಸೀಟಿ ಬರುತ್ತದೆ, ಮೈಕಿನಿಂದ ಒಂದು ಗೇಣು ಹಿಂದೆ ಕೂರಿಸಿದರೆ ಸರಿಹೋಗುತ್ತದೆ ಅಂದರು. ಸಂಸಾರ ಮಾಡಬೇಕಾದವನು ನಾನು, ಮೈಕಲ್ಲ ಅಂತ ಯಾರಿಗೆ ಹೇಳುವುದು?

ಸಾಗರದ ಒಂದು ಸಮುದಾಯ ರೇಡಿಯೋದಲ್ಲಿ ಧ್ವನಿಯ ಉಸ್ತುವಾರಿ ಅವರದು. ಅಲ್ಲೇ ನಾನು ಕೃಷಿ ಕಾರ್ಯಕ್ರಮ ನಡೆಸುತ್ತೇನೆ. ನಮ್ಮಣ್ಣ ಸಾಗರದಿಂದ ಹೊಸನಗರದ ಮೇಲೆ ತೀರ್ಥಹಳ್ಳಿಗೆ ಹೋಗುವ ಖಾಸಗಿ ಬಸ್ಸಿನ ಕಂಡಕ್ಟರ್ ಆಗಿದ್ದ. ಹಾರನ್ ಕೆಟ್ಟರೆ ಡ್ರೈವರ್ ಅವನನ್ನೇ ಮುಂದೆ ಕೂರಿಸಿಕೊಳ್ಳುತ್ತಾನೆ ಅಂತ ಜನ ತಮಾಷೆ ಮಾಡುತ್ತಿದ್ದರು. ಆ ಗಂಟಲು ಕೇಳಿಯೇ ಮದುವೆಗೆ ಒಪ್ಪಿದ್ದು ಅಂತ ಅತ್ತಿಗೆಯೇ ಹೇಳುತ್ತಿದ್ದರು.

ಸ್ಟುಡಿಯೋದ ಸದ್ದನ್ನೆಲ್ಲ ಬೆರೆಸುವ ಹಳೆಯ ಮಿಕ್ಸರಿನಲ್ಲಿ ಒಂದೊಂದು ಮೈಕಿನಿಂದ ಒಂದೊಂದು ವೈರು ಬಂದು ಅದರದ್ದೇ ಫೇಡರಿಗೆ, ಅಂದರೆ ಸದ್ದು ಏರಿಸಿ ಇಳಿಸುವ ಗುಂಡಿಗೆ, ಸೇರುತ್ತಿತ್ತು. ಹೊಸ ಮಿಕ್ಸರ್ ಬಂದ ಮೇಲೆ ಎಲ್ಲ ಕೋಣೆಗಳ ಸದ್ದೂ ಒಂದೇ ನೆಟ್‌ವರ್ಕ್ ಕೇಬಲ್ಲಿನಲ್ಲಿ ಬರತೊಡಗಿತು. ಯಾವ ಮೈಕು ಯಾವ ಫೇಡರಿಗೆ ಅಂತ ಪರದೆಯ ಮೇಲೆ ನಾವೇ ಆರಿಸಿ ಹೆಸರಿಡಬೇಕು. ಹೆಸರಿಡುವ ಅಧಿಕಾರ ಅತ್ತಿಗೆಗೆ ಸಿಕ್ಕರೆ ಕೇಳಬೇಕೆ! ಆರೋಗ್ಯದ ಕಾರ್ಯಕ್ರಮದಲ್ಲಿ ಮೇಜು ಗುದ್ದಿ ಮಾತಾಡುವ ಡಾಕ್ಟರ ಮೈಕು ‘ಗುಡುಗು’. ಮ್ಯಾನೇಜರರದು ‘ಕೆಮ್ಮು’. ನನ್ನದು ‘ಗೊಣಗು’. ಶಿವಮೊಗ್ಗದಿಂದ ಬಂದ ಅಧಿಕಾರಿಯೊಬ್ಬರು ಗೊಣಗು ಅಂದರೆ ಏನು ಅಂತ ಕೇಳಿದಾಗ ಅತ್ತಿಗೆ ಗಾಜಿನಾಚೆ ಕೂತಿದ್ದ ನನ್ನನ್ನು ತೋರಿಸಿದರು. ಅಧಿಕಾರಿ ಕೈಮುಗಿದರು, ನಾನೂ ಕೈಮುಗಿದೆ. ವಿಷಯ ತಿಳಿದ ಮೇಲೆ ಗೊಣಗಿದೆ.

ಒಮ್ಮೆ ಮ್ಯಾನೇಜರ್ ತಾವೂ ಕಲಿಯುತ್ತೇನೆಂದು ಹೋಗಿ ನನ್ನ ಫೇಡರಿಗೆ ಮೀಟಿಂಗ್ ಕೋಣೆಯ ಮೈಕು ಕೊಟ್ಟುಬಿಟ್ಟರು. ನಾನು ಅಡಿಕೆಯ ಕೊಳೆರೋಗದ ಬಗ್ಗೆ ಮಾತಾಡಿದೆ, ಊರಿಗೆಲ್ಲ ಕೇಳಿದ್ದು ಅಲ್ಲಿ ಕೂತಿದ್ದ ಇಬ್ಬರು ಹೆಂಗಸರ ಹಲಸಿನ ಹಪ್ಪಳದ ಮಾತು. ಹೆಗ್ಗೋಡಿನಿಂದ ಒಬ್ಬರು ಫೋನ್ ಮಾಡಿ, ಕಾರ್ಯಕ್ರಮ ಇತ್ತೀಚೆಗೆ ಸುಧಾರಿಸಿದೆ ಅಂದರು.

ಆ ವರ್ಷವೇ ಅಣ್ಣನಿಗೆ ಲಕ್ವ ಹೊಡೆಯಿತು. ಕಾಲೆಳೆದುಕೊಂಡು ನಡೆಯುವಷ್ಟು ಚೇತರಿಸಿಕೊಂಡರೂ ಮಾತು ಮರಳಲಿಲ್ಲ. ನಾವು ಹೇಳಿದ್ದೆಲ್ಲ ತಿಳಿಯುತ್ತಿತ್ತು. ಅವನು ಬಾಯಿ ತೆರೆದರೆ ಗಾಳಿ ಮಾತ್ರ. ಅಭ್ಯಾಸ ಮಾಡಿಸಿದರೆ ಬಂದರೂ ಬರಬಹುದು ಅಂತ ಆಸ್ಪತ್ರೆಯ ಡಾಕ್ಟರು ಹೇಳಿದ್ದರು. ಮನೆಯಲ್ಲಿ ನೋಡಿಕೊಳ್ಳುವವರಿರಲಿಲ್ಲ. ಅತ್ತಿಗೆ ಅವನನ್ನು ದಿನವೂ ಜೊತೆಗೆ ಕರೆತಂದು, ಖಾಲಿಯಿದ್ದ ಸಣ್ಣ ಸ್ಟುಡಿಯೋದಲ್ಲಿ ಮೈಕಿನ ಮುಂದೆ ಕೂರಿಸತೊಡಗಿದರು. ಆ ಮೈಕನ್ನು ಕೊನೆಯ ಫೇಡರಿಗೆ ಹಾಕಿ ‘ಇವ್ರು’ ಅಂತ ಬರೆದರು. ನಮಗೆಲ್ಲ ಅಡ್ಡಹೆಸರಿಟ್ಟವರಿಗೆ ಗಂಡನಿಗೊಂದು ಇಡಲು ಮನಸ್ಸಾಗಲಿಲ್ಲ. ಆ ಸದ್ದು ಪ್ರಸಾರಕ್ಕೆ ಹೋಗದೆ ತಮ್ಮ ಹೆಡ್‌ಫೋನಿಗೆ ಮಾತ್ರ ಬರುವಂತೆ ಮಾಡಿಕೊಂಡರು.

ಇದೆಂತಕ್ಕೆ ಅಂತ ಕೇಳಿದೆ.

“ಮಾತು ಬಂದ್ರೆ ಮೊದ್ಲು ನಂಗೆ ಕೇಳ್ಬೇಕು ಮಾರಾಯ” ಅಂದರು.

ಮಾತು ಬರಲಿಲ್ಲ. ಒಂದು ದಿನ ಹೆಡ್‌ಫೋನನ್ನು ನನ್ನ ಕಿವಿಗಿಟ್ಟರು. ಉಸಿರು ಬಿಟ್ಟರೆ ಏನೂ ಇಲ್ಲವಲ್ಲ ಅಂದೆ. ಅವರು ಕೇಳುತ್ತಿದ್ದದ್ದು ಅದನ್ನೇ. ಉಸಿರು ಒಣಗಿದರೆ ಬಾಯಾರಿಕೆ, ತುಂಡಾದರೆ ಸಿಟ್ಟು, ಉದ್ದವಾದರೆ ನಿದ್ದೆ. ಅಣ್ಣ ಕೈ ಎತ್ತುವ ಮೊದಲೇ ನೀರಿನ ಲೋಟ ಹಿಡಿದು ಓಡುತ್ತಿದ್ದರು. ಅಷ್ಟೇ ಅಲ್ಲ, ಆ ಉಸಿರಿನ ಜೊತೆ ಜಗಳವನ್ನೂ ಆಡುತ್ತಿದ್ದರು. ಹಾಗೆಲ್ಲ ಉಸ್ಸೆನ್ನಬೇಡಿ, ಈ ಕಾರ್ಯಕ್ರಮ ಮುಗಿಸಿ ಬರ್ತೀನಿ ಅಂತ, ತಮ್ಮ ಮಾತು ಆ ಕೋಣೆಯ ಹೆಡ್‌ಫೋನಿಗೆ ಕೇಳಿಸುವ ಗುಂಡಿ ಒತ್ತಿ ಅವರು ಗದರಿದರೆ ಗಾಜಿನಾಚೆ ಅಣ್ಣ ಅರ್ಧ ಬಾಯಲ್ಲಿ ನಗುತ್ತಿದ್ದ.

ಎರಡನೇ ಸಲ ಲಕ್ವ ಹೊಡೆದದ್ದು ಬೆಳಗಿನ ಕಾಫಿಯ ಹೊತ್ತಿಗೆ, ಮನೆಯಲ್ಲಿ. ಅಣ್ಣ ಹೋಗಿಬಿಟ್ಟ. ಅತ್ತಿಗೆ ಅಳಲಿಲ್ಲ. ಬಂದವರಿಗೆ ಚಾಪೆ ಹಾಸಿದರು, ಸಮಾಧಾನದ ಮಾತಿಗೆಲ್ಲ ತಲೆಯಾಡಿಸಿದರು. ಕಾರ್ಯ ಮುಗಿದ ಮೇಲೆ ಕೆಲಸಕ್ಕೆ ಮರಳಿದರು. ಅವರು ಬರುವುದರೊಳಗೆ ಆ ಹೆಸರು ಅಳಿಸಿಬಿಡು ಅಂತ ಮ್ಯಾನೇಜರ್ ನನಗೆ ಹೇಳಿದ್ದರು. ಕೈ ಏಳಲಿಲ್ಲ. ಅತ್ತಿಗೆ ಬಂದು ಕೂತು, ಆ ಫೇಡರ್ ಏರಿಸಿ, ಖಾಲಿ ಕೋಣೆಯನ್ನು ಸ್ವಲ್ಪ ಹೊತ್ತು ಕೇಳಿದರು. ಆಮೇಲೆ ಹೆಸರನ್ನು ತಾವೇ ಅಳಿಸಿದರು.

ಅವತ್ತು ಸಿಗಂದೂರಿನ ಕಡೆಯಿಂದ ಒಬ್ಬ ಅಜ್ಜಿ ಹಾಡು ಹೇಳಲು ಬಂದಿದ್ದರು. ದೊಡ್ಡ ಸ್ಟುಡಿಯೋ ಖಾಲಿಯಿರಲಿಲ್ಲ, ಅಣ್ಣನ ಕುರ್ಚಿಯಲ್ಲೇ ಕೂರಿಸಬೇಕಾಯಿತು. ಅಜ್ಜಿ ಮೈಕು ಕಂಡು ಹೆದರಿ ಬಾಯಿಯೇ ಬಿಡಲಿಲ್ಲ. ಅತ್ತಿಗೆ ಅಜ್ಜಿಯ ಹೆಡ್‌ಫೋನಿಗೆ ತಮ್ಮ ಮಾತು ಕೇಳುವಂತೆ ಅದೇ ಗುಂಡಿ ಒತ್ತಿ ಹಿಡಿದು ಹೇಳಿದರು: “ಹಾಡದಿದ್ರೂ ಅಡ್ಡಿಲ್ಲ ಅಜ್ಜಿ, ಸುಮ್ನೆ ಕೂತ್ಕಳಿ. ನಿಮ್ಮ ಉಸಿರು ಕೇಳ್ತಾ ಇದೆ.”

ಅಜ್ಜಿ ಮೆಲ್ಲಗೆ ಕೇಳಿದರು: “ನಿನ್ ದನಿ ಎಂತಕ್ಕೆ ಹಿಂಗಾಗಿದೆ ತಂಗಿ?”

ಅತ್ತಿಗೆ ಮಿಕ್ಸರಿಗೆ ಹಣೆಯಿಟ್ಟು ಬಿಕ್ಕಿದರು. ಗುಂಡಿಯ ಮೇಲಿನ ಬೆರಳು ತೆಗೆಯಲು ಅವರಿಗೆ ನೆನಪಿರಲಿಲ್ಲ. ಪಕ್ಕದಲ್ಲೇ ಇದ್ದ ನಾನೂ ತೆಗೆಸಲಿಲ್ಲ. ಗಾಜಿನಾಚೆ ಅಜ್ಜಿ ಹೆಡ್‌ಫೋನನ್ನು ಎರಡೂ ಕೈಯಿಂದ ಕಿವಿಗೆ ಒತ್ತಿ ಹಿಡಿದು, ಅಳು ಮುಗಿಯುವವರೆಗೂ ಕೇಳುತ್ತ ಕೂತರು.